ಜಪಾನಿನಲ್ಲಿ ‘ಬನ್ನಿ’ ಎನ್ನುವ ಬಗೆ



ಸಂಜೆ ಹೊತ್ತಿಗೆ ಅಂಗಳದ ಕೊನೆಯಲ್ಲಿ ಯಾರೋ ಕೆಮ್ಮಿದ ಸದ್ದಾಗುತ್ತದೆ. ಜಗಲಿಯಲ್ಲಿ ಕೂತವರು ಕತ್ತೆತ್ತಿ ನೋಡುತ್ತಾರೆ. ನಮ್ಮ ಕಾಸರಗೋಡಿನ ಕಡೆ ಆ ಅರೆಗಳಿಗೆಯಲ್ಲಿ ಒಂದು ತೀರ್ಮಾನ ಆಗಬೇಕು. ‘ಬನ್ನಿ’ ಎನ್ನುವುದೋ, ತುಳುವಿನಲ್ಲಿ ‘ಬಲೆ’ ಎನ್ನುವುದೋ, ಮಲಯಾಳದಲ್ಲಿ ‘ವರೂ’ ಎನ್ನುವುದೋ? ಬಂದವರ ಗುರುತು ಹತ್ತಿತೆಂದರೆ ನಾಲಿಗೆ ತಾನೇ ಸರಿಯಾದ ಮಾತನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು. ಸೊಲ್ಲಾಪುರ, ಜತ್ತ, ತಾಳವಾಡಿ, ಮಡಕಶಿರಾ ಕಡೆಯ ನೀವೂ ಬೇರೆ ಬೇರೆ ಜೋಡಿ ಮಾತುಗಳಲ್ಲಿ ಇದನ್ನೇ ಮಾಡುತ್ತೀರಿ. ನಮಗೆ ಇದು ಎಷ್ಟು ರೂಢಿಯೆಂದರೆ, ಬರಮಾಡಿಕೊಳ್ಳುವ ಮಾತಿಗೂ ಒಂದು ಚರಿತ್ರೆ ಇರಬಹುದು ಎಂದು ಯಾರೂ ಯೋಚಿಸುವುದಿಲ್ಲ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಜಪಾನಿನ ಮಾತುಗಳ ಸಂಗತಿ. ಆ ದೇಶದವರು ಬಂದವರನ್ನು ಕರೆಯುವುದಕ್ಕೆ, ಮೊದಲ ಸಲ ಕಂಡವರನ್ನು ಮಾತನಾಡಿಸುವುದಕ್ಕೆ ಬಳಸುವ ಮಾತುಗಳು ಎಲ್ಲಿಂದ ಬಂದವು, ಅವುಗಳಿಂದ ಯಾರಿಗೆ ಏನಾಯಿತು ಎಂಬುದು. ಅಲ್ಲಿ ಎಲ್ಲರದೂ ಒಂದೇ ಭಾಷೆ ಎಂದು ನಾವು ತಿಳಿದಿದ್ದೇವೆ. ಅದು ನಿಜವಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜಪಾನಿನ ಯಾವ ಅಂಗಡಿಯ ಬಾಗಿಲು ತೆರೆದರೂ ಒಳಗಿನಿಂದ ಕೇಳಿಸುವ ಮಾತು ‘ಇರಶ್ಶೈಮಸೆ’. ಇದರ ಮೂಲ ಕ್ರಿಯಾಪದ ‘ಇರಶ್ಶರು’. ಹೋಗು, ಬರು, ಇರು ಎಂಬ ಮೂರು ಕೆಲಸಗಳಿಗೂ ದೊಡ್ಡವರ ವಿಷಯದಲ್ಲಿ ಈ ಒಂದೇ ಮಾತು. ಹಳೆಯ ರೂಪವನ್ನು ಬಿಡಿಸಿ ನೋಡಿದರೆ ‘ಒಳಗೆ ಪ್ರವೇಶಿಸೋಣವಾಗುವುದು’ ಎಂಬಂಥ ಬಳಸು ದಾರಿಯ ಮರ್ಯಾದೆ. ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ‘ಬಿಜಯಂಗೈಯುವುದು’ ಹೋಗುವುದಕ್ಕೂ ಆಗುತ್ತದೆ, ಬರುವುದಕ್ಕೂ ಆಗುತ್ತದೆ. ‘ದಯಮಾಡಿಸಿ’ ಎಂಬುದು ಒಳಗೆ ಕರೆಯುವ ಮಾತು. ಸಿಟ್ಟು ಬಂದಾಗ ‘ಇನ್ನು ತಾವು ದಯಮಾಡಿಸಬಹುದು’ ಎಂದರೆ ಅದೇ ಮಾತು ಬಾಗಿಲಿನ ಹೊರಕ್ಕೆ ದಾರಿ ತೋರಿಸುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಅಂಗಡಿಯವರ ‘ಇರಶ್ಶೈಮಸೆ’ಗೆ ಗಿರಾಕಿ ಉತ್ತರ ಕೊಡುವ ಪದ್ಧತಿ ಅಲ್ಲಿಲ್ಲ. ಕೇಳಿಯೂ ಕೇಳದಂತೆ ಒಳಗೆ ಹೋಗುತ್ತಾರೆ. ನಮ್ಮವರು ಯಾರಾದರೂ ಹೋದರೆ ಕೈಮುಗಿದು ಪ್ರತಿವಂದನೆ ಮಾಡಿ ಅಂಗಡಿಯವನನ್ನು ತಬ್ಬಿಬ್ಬು ಮಾಡಿಯಾರು.

ಊರಿಗೆ ಬಂದವರಿಗೆ ಹೇಳುವ ಮಾತು ‘ಯೋಕೊಸೊ’. ‘ಯೊಕು’ ಎಂದರೆ ಚೆನ್ನಾಗಿ, ‘ಕೊಸೊ’ ಎಂದರೆ ನಾವು ಮಾತಿಗೆ ಒತ್ತು ಕೊಡಲು ಹಚ್ಚುವ ‘ಏ’ಕಾರದ ಹಾಗೆ. ‘ಬಂದದ್ದೇ ಒಳ್ಳೆಯದಾಯಿತು’ ಎಂಬ ಅರ್ಥ ಹೊರಡುತ್ತದೆ. ‘ಬಂದದ್ದು’ ಎಂಬ ಪದವೇ ಆ ಮಾತಿನಲ್ಲಿಲ್ಲ, ಅದು ಸವೆದು ಬಿದ್ದುಹೋಗಿದೆ. ಈ ಸವೆಯುವಿಕೆ ಜಪಾನೀ ವಂದನೆಗಳಿಗೆಲ್ಲ ಇದೆ. ಹಗಲು ಎದುರಾದವರಿಗೆ ಹೇಳುವ ‘ಕೊನ್ನಿಚಿವ’ ಎಂದರೆ ‘ಈ ದಿನವಾದರೋ’ ಎಂದಷ್ಟೇ. ‘ಈ ದಿನ ತಮ್ಮ ಆರೋಗ್ಯ ಹೇಗಿದೆ’ ಎಂದು ಮುಂದೆ ಕೇಳಬೇಕಾದದ್ದನ್ನು ಬಾಯಿ ಎಂದೋ ಬಿಟ್ಟುಬಿಟ್ಟಿತು. ‘ಸಯೋನರ’ ಎಂದರೆ ‘ಹಾಗಿದ್ದ ಮೇಲೆ’. ಬೆಳಗಿನ ‘ಒಹಯೋ’ ಎಂದರೆ ‘ಬೇಗ’, ಎದುರಿನವರು ಬೇಗನೆ ಎದ್ದಿದ್ದಾರೆಂಬ ಮೆಚ್ಚುಗೆ. ಬೆಳಿಗ್ಗೆ ತೋಟದ ದಾರಿಯಲ್ಲಿ ಸಿಕ್ಕಿದವರಿಗೆ ನಾವು ‘ಏನು, ಬೇಗ ಹೊರಟದ್ದು?’ ಎನ್ನುವುದಿಲ್ಲವೇ, ಅದೇ.

ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಮನೆ ಬಿಡುವಾಗ ಹೇಳುವ ಮಾತು, ‘ಇತ್ತೆ ಕಿಮಸ್’. ‘ಇತ್ತೆ’ ಎಂದರೆ ಹೋಗಿ, ‘ಕಿಮಸ್’ ಎಂದರೆ ಬರುತ್ತೇನೆ. ಹೋಗಿ ಬರುತ್ತೇನೆ! ಒಳಗಿದ್ದವರು ‘ಇತ್ತೆರಶ್ಶೈ’, ಅಂದರೆ ‘ಹೋಗಿ ಬನ್ನಿ’ ಎನ್ನುತ್ತಾರೆ. ‘ಹೋಗುತ್ತೇನೆ’ ಎಂದಷ್ಟೇ ಹೇಳಿ ಹೊರಟರೆ ನಮ್ಮ ಅಜ್ಜಿಯಂದಿರು ಬೈಯುತ್ತಿದ್ದರು. ಅಲ್ಲಿಯ ಅಜ್ಜಿಯಂದಿರಿಗೂ ಅದೇ ಅಂಜಿಕೆ ಇದ್ದಿರಬೇಕು. ಮರಳಿ ಬಂದವನು ಹೊಸ್ತಿಲಲ್ಲಿ ‘ತದೈಮ’ ಎನ್ನಬೇಕು, ‘ಇದೀಗ ಬಂದೆ’ ಎಂದು. ಮನೆಯವರು ‘ಒಕಯೆರಿ’ ಎನ್ನುತ್ತಾರೆ. ಹಿಂದಿರುಗಿ ಬಂದವರಿಗೆಂದೇ ಇರುವ ಈ ಸ್ವಾಗತದ ಮಾತು ನಮ್ಮಲ್ಲಿಲ್ಲ. ನಾವು ‘ಬಂದೆಯಾ?’ ಎಂದು ಕಂಡದ್ದನ್ನೇ ಕೇಳಿ ಮುಗಿಸುತ್ತೇವೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಆರನೆಯ ಶತಮಾನದಲ್ಲಿ ಕೊರಿಯಾದ ಮೂಲಕ ಬೌದ್ಧಧರ್ಮ ಜಪಾನಿಗೆ ಬಂತು. ಅದರೊಡನೆ ನಮ್ಮ ದೇಶದ ಮಾತುಗಳೂ ಚೀನೀ ಅಕ್ಷರಗಳ ವೇಷ ತೊಟ್ಟು ಹೋದವು. ಅವುಗಳಲ್ಲಿ ಕೆಲವು ಬಾಗಿಲ ಬಳಿಯಲ್ಲೇ ನಿಂತಿವೆ. ಒಬ್ಬರ ಮನೆಯೊಳಗೆ ಕಾಲಿಡುವಾಗ ಜಪಾನಿನವರು ‘ಒಜಮ ಶಿಮಸ್’ ಎನ್ನುತ್ತಾರೆ, ‘ತೊಂದರೆ ಕೊಡುತ್ತಿದ್ದೇನೆ’ ಎಂಬ ಸೌಜನ್ಯ. ಈ ‘ಜಮ’ ಶಬ್ದದ ಕೊನೆಯಲ್ಲಿರುವ ‘ಮ’ ಯಾರೆಂದು ಬಲ್ಲಿರಾ? ಬೋಧಿವೃಕ್ಷದ ಕೆಳಗೆ ಕುಳಿತ ಬುದ್ಧನ ತಪಸ್ಸು ಕೆಡಿಸಲು ಬಂದ ನಮ್ಮ ಮಾರ! ಮಾರನ ಹೆಸರು ಬರೆಯುವುದಕ್ಕೆಂದು ಚೀನಾದಲ್ಲಿ ಒಂದು ಅಕ್ಷರ ಮಾಡಿಕೊಂಡರು. ಸನ್ಯಾಸಿಗಳ ಸಾಧನೆಗೆ ಅಡ್ಡ ಬರುವ ಪಿಶಾಚಿಗೆ ‘ಜಮ’ ಎಂದು ಹೆಸರಾಯಿತು. ಕಾಲಕ್ರಮದಲ್ಲಿ ಎಲ್ಲ ಬಗೆಯ ಅಡಚಣೆಗೂ ಅದೇ ಹೆಸರು ನಿಂತಿತು. ಒಂದು ಕಪ್ಪು ಚಹ ಕುಡಿಯಲು ಬಂದ ನೆಂಟ ತನ್ನನ್ನು ತಾನೇ ಮಾರನೆಂದು ಕರೆದುಕೊಂಡು ಒಳಗೆ ಬರುತ್ತಾನೆ.

ಅಂಗಡಿಯವರು ಗಂಡಸರನ್ನು ‘ದನ್ನ’ ಎಂದು ಕರೆಯುವ ಹಳೆಯ ರೂಢಿಯೂ ಇದೆ. ‘ಬನ್ನಿ ಧಣಿ’ ಎಂದ ಹಾಗೆ. ಅದು ನಮ್ಮ ‘ದಾನ’ ಶಬ್ದವೇ. ಮೊದಲಿಗೆ ವಿಹಾರಕ್ಕೆ ದಾನ ಕೊಡುವವನು ದನ್ನ, ಆಮೇಲೆ ಯಜಮಾನ, ಆಮೇಲೆ ಹೆಂಡತಿಯ ಪಾಲಿಗೆ ಗಂಡ, ಕೊನೆಗೆ ಹಣ ತರುವ ಗಿರಾಕಿ. ಜಗಲಿಗೆ ಅವರು ಹೇಳುವ ‘ಗೆಂಕನ್’ ಕೂಡ ಮಠದ ಮಾತು, ಗಹನವಾದ ದ್ವಾರ ಎಂದು ಅರ್ಥ. ಜೆನ್ ಸಾಧನೆಯ ಪ್ರವೇಶಕ್ಕೆ ಇದ್ದ ಹೆಸರು ಮಠದ ಮುಂಬಾಗಿಲಿಗೆ, ಅಲ್ಲಿಂದ ಸಮುರಾಯಿಗಳ ಮನೆಗೆ, ಮತ್ತೆ ಎಲ್ಲರ ಮನೆಗೂ ಬಂತು. ಅಲ್ಲಿ ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಏರಬೇಕು. ಆದ್ದರಿಂದ ಕರೆಯುವವರು ‘ಒಳಗೆ ಬನ್ನಿ’ ಎನ್ನುವುದಕ್ಕಿಂತ ‘ಮೇಲೆ ಬನ್ನಿ’ ಎಂದೇ ಕರೆಯುವುದು ಹೆಚ್ಚು. ಇಷ್ಟೇಕೆ, ವಂದನೆ ಎಂಬುದಕ್ಕೇ ಜಪಾನೀ ಭಾಷೆಯಲ್ಲಿರುವ ‘ಐಸತ್ಸು’ ಎಂಬ ಪದ ಗುರುಶಿಷ್ಯರು ಪ್ರಶ್ನೆಗಳಿಂದ ಒಬ್ಬರನ್ನೊಬ್ಬರು ತಳ್ಳಿ ಒತ್ತಿ ಆಳ ಪರೀಕ್ಷಿಸುವ ಕ್ರಮದ ಹೆಸರು. ನಮಸ್ಕಾರದ ಮೂಲದಲ್ಲಿ ಒಂದು ಕುಸ್ತಿ ಇದೆ ಎಂದಾಯಿತು.

ಮಠದಿಂದ ಚಹದ ಕೋಣೆಗೆ ದೂರವಿಲ್ಲ. ಚಹದ ಆಚರಣೆಗೆ ಒಂದು ರೂಪ ಕೊಟ್ಟವನು ಸೆನ್ ನೊ ರಿಕ್ಯು, 1522ರಿಂದ 1591ರವರೆಗೆ ಬದುಕಿದ್ದವನು. ಅವನ ಸಂಪ್ರದಾಯದ ಕೋಣೆಗೆ ಸುಮಾರು ಎರಡು ಅಡಿ ಎತ್ತರದ ಬಾಗಿಲು. ಎಂಥ ಸರದಾರನಾದರೂ ಕತ್ತಿಯನ್ನು ಹೊರಗಿಟ್ಟು, ತಲೆ ತಗ್ಗಿಸಿ, ಮೊಣಕಾಲಿನಲ್ಲಿ ತೆವಳಿ ಬರಬೇಕು. ಆತಿಥೇಯನು ತೋಟದ ನಡುಬಾಗಿಲವರೆಗೆ ಬಂದು ಅತಿಥಿಗಳನ್ನು ಕಂಡು ತಲೆಬಾಗಿಸುತ್ತಾನೆ. ಮಾತಿಲ್ಲ. ಬರಮಾಡಿಕೊಳ್ಳುವುದಕ್ಕೆ ಇಷ್ಟೊಂದು ಮಾತುಗಳನ್ನು ಕೂಡಿಟ್ಟ ಜನ ಅತ್ಯಂತ ದೊಡ್ಡ ಸ್ವಾಗತವನ್ನು ಬಾಯಿ ಮುಚ್ಚಿಕೊಂಡು ಮಾಡುತ್ತಾರೆ.

‘ಇಚಿಗೊ ಇಚಿಯೆ’ ಎಂಬ ಮಾತು ಈ ಕೋಣೆಯಿಂದಲೇ ಬಂದದ್ದು. ಒಂದು ಜನ್ಮಕ್ಕೆ ಒಂದು ಭೇಟಿ ಎಂದರ್ಥ. ರಿಕ್ಯುವಿನ ಶಿಷ್ಯನ ಬರಹದಲ್ಲಿದ್ದ ವಿಚಾರವನ್ನು ಬೆಳೆಸಿ ಈ ರೂಪದಲ್ಲಿ ಪ್ರಸಿದ್ಧಗೊಳಿಸಿದವನು ಈ ನಾವೊಸುಕೆ ಎಂಬ ಸರದಾರ. (‘ಈ’ ಎಂಬುದು ಅವನ ಮನೆತನದ ಹೆಸರು, ನಮ್ಮ ‘ಈ’ ಅಲ್ಲ.) ಅದೇ ಜನ ಅದೇ ಕೋಣೆಯಲ್ಲಿ ಮತ್ತೆ ಸೇರಿದರೂ ಇವತ್ತಿನ ಕೂಟ ಇನ್ನೊಮ್ಮೆ ಬರುವುದಿಲ್ಲ, ಆದ್ದರಿಂದ ಆತಿಥೇಯನು ಯಾವುದರಲ್ಲೂ ಉದಾಸೀನ ಮಾಡಬಾರದು ಎಂಬುದು ಅವನ ಮತ. ಅತಿಥಿಗಳು ಹೊರಟ ಮೇಲೆ ಥಟ್ಟನೆ ಬಾಗಿಲು ಹಾಕಬಾರದು, ಅವರು ಕಣ್ಮರೆಯಾಗುವವರೆಗೆ ನೋಡುತ್ತಿರಬೇಕು, ಆಮೇಲೆ ಒಬ್ಬನೇ ಒಲೆಯ ಮುಂದೆ ಕುಳಿತು ಆ ದಿನವನ್ನು ನೆನೆಯಬೇಕು ಎಂದೂ ಹೇಳಿದ.

ಇಷ್ಟು ಹೇಳಿದವನು ಸಾಧುವಲ್ಲ. 1858ರಲ್ಲಿ ಜಪಾನಿನ ಆಡಳಿತದ ಮುಖ್ಯಸ್ಥನಾದವನು. ಅದಕ್ಕೆ ಐದು ವರ್ಷ ಹಿಂದೆ, 1853ರಲ್ಲಿ, ಅಮೆರಿಕದ ಪೆರಿ ಎಂಬ ನೌಕಾಧಿಕಾರಿ ಹೊಗೆ ಉಗುಳುವ ಕಪ್ಪು ಹಡಗುಗಳನ್ನು ತಂದು ಉರಾಗಾದ ಮುಂದೆ ನಿಲ್ಲಿಸಿದ್ದ. ಇನ್ನೂರು ವರ್ಷಗಳಿಗೂ ಮಿಕ್ಕಿ ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯ ಒಂದು ಚಿಕ್ಕ ದ್ವೀಪದೊಳಗೆ, ವ್ಯಾಪಾರಕ್ಕೆ ಎಡೆ ಕೊಟ್ಟಿದ್ದ ದೇಶ ಅದು. ಹಡಗಿನ ಬಳಿಗೆ ಸಣ್ಣ ದೋಣಿಯಲ್ಲಿ ಹೋದ ದುಭಾಷಿ ಹೋರಿ ತತ್ಸುನೊಸುಕೆ ಇಂಗ್ಲಿಷಿನಲ್ಲಿ ಕೂಗಿದ ಮಾತು ‘ನನಗೆ ಡಚ್ ಬರುತ್ತದೆ’ ಎಂದು! ಅದು ಸ್ವಾಗತವೂ ಅಲ್ಲ, ‘ಹೋಗಿ’ ಎಂದೂ ಅಲ್ಲ. ಇಬ್ಬರಿಗೂ ಸ್ವಂತವಲ್ಲದ ಮೂರನೆಯ ಭಾಷೆಯ ಹೆಸರು ಹೇಳಿ ಮಾತಿಗೆ ಒಂದು ದಾರಿ ಹುಡುಕಿದ್ದು. ಗಡಿಯಲ್ಲಿ ಬದುಕುವ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಸಂತೆಯಲ್ಲಿ ನಾವೆಲ್ಲ ಎಷ್ಟೋ ಸಲ ಮಾಡಿದ ಕೆಲಸ ಅದು.

ನಾವೊಸುಕೆಯ ಕಾಲದಲ್ಲಿ, 1858ರಲ್ಲಿ, ಅಮೆರಿಕದೊಡನೆ ವಾಣಿಜ್ಯದ ಒಪ್ಪಂದವಾಯಿತು. ಚಕ್ರವರ್ತಿಯ ಒಪ್ಪಿಗೆ ಇರಲಿಲ್ಲ. ವಿರೋಧಿಸಿದವರನ್ನು ಅವನು ಸೆರೆಗೆ ಹಾಕಿಸಿದ, ಕೆಲವರ ತಲೆ ತೆಗೆಸಿದ. 1860ರ ಮಾರ್ಚಿನಲ್ಲಿ ಹಿಮ ಬೀಳುತ್ತಿದ್ದ ಬೆಳಿಗ್ಗೆ ಎದೋ ಕೋಟೆಯ ಸಕುರಾದಾ ಬಾಗಿಲಿನ ಹೊರಗೆ ಅವನ ಪಲ್ಲಕ್ಕಿಗೆ ಮುತ್ತಿಗೆ ಹಾಕಿ ಅವನನ್ನೂ ಕೊಂದರು. ‘ಒಂದು ಜನ್ಮಕ್ಕೆ ಒಂದು ಭೇಟಿ’ ಎಂಬುದನ್ನು ಈಗ ಅಲ್ಲಿ ಕ್ಯಾಲೆಂಡರಿನಲ್ಲೂ ಅಂಗಡಿಯ ಗೋಡೆಯ ಮೇಲೂ ಬರೆಯುತ್ತಾರೆ. ಅದನ್ನು ಓದಿದಾಗ ನನಗೆ ಚಹದ ಒಲೆಯೂ ನೆನಪಾಗುತ್ತದೆ, ಆ ಹಿಮವೂ ನೆನಪಾಗುತ್ತದೆ.

ಈ ಪರಂಪರೆಯ ಹೆಸರಿನಲ್ಲಿ ನಮ್ಮ ಕಾಲದಲ್ಲೇ ಜಗತ್ತೆಲ್ಲ ಕೇಳಿದ ಮಾತು ‘ಒಮೊತೆನಾಶಿ’, ಅಂದರೆ ಆತಿಥ್ಯ. ಇದರ ಕ್ರಿಯಾಪದ ಸಾವಿರ ವರ್ಷ ಹಿಂದಿನ ಗೆಂಜಿ ಕಥೆಯಲ್ಲೇ ಇದೆ, ನಡೆಸಿಕೊಳ್ಳುವುದು ಎಂಬ ಅರ್ಥದಲ್ಲಿ. 2013ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಲಿಂಪಿಕ್ಸ್ ಯಾವ ಊರಿಗೆ ಎಂದು ತೀರ್ಮಾನಿಸುವ ಸಭೆ ನಡೆಯಿತು. ದೂರದರ್ಶನ ನಿರೂಪಕಿ ತಾಕಿಗಾವಾ ಕ್ರಿಸ್ಟೆಲ್ ಫ್ರೆಂಚಿನಲ್ಲಿ ಮಾತನಾಡಿ, ಈ ಒಂದು ಪದವನ್ನು ಮಾತ್ರ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಕೈಮುಗಿದು ತಲೆಬಾಗಿದರು. ಕ್ರೀಡೆ ಟೋಕಿಯೊಗೆ ಸಿಕ್ಕಿತು. ಕೊರೋನಾದಿಂದ ಒಂದು ವರ್ಷ ಮುಂದೆ ಹೋಗಿ 2021ರಲ್ಲಿ ನಡೆದಾಗ ಹೊರದೇಶದ ಒಬ್ಬ ಪ್ರೇಕ್ಷಕನಿಗೂ ಪ್ರವೇಶವಿರಲಿಲ್ಲ. ಬಹುತೇಕ ಅಂಗಣಗಳಲ್ಲಿ ಖಾಲಿ ಕುರ್ಚಿಗಳು. ಎಂಟು ವರ್ಷ ‘ಬನ್ನಿ ಬನ್ನಿ’ ಎಂದು ಅಭ್ಯಾಸ ಮಾಡಿದವರಿಗೆ ಹೇಳಲು ಎದುರಿಗೆ ಯಾರೂ ಇರಲಿಲ್ಲ. ನಗುವ ಸಂಗತಿಯಲ್ಲ ಅದು.

ಇನ್ನು ದೂರವಾಣಿಯ ವಿಷಯ. 1890ರ ಡಿಸೆಂಬರಿನಲ್ಲಿ ಟೋಕಿಯೊ ಮತ್ತು ಯೊಕೊಹಾಮಾದ ನಡುವೆ ಅದು ಶುರುವಾಯಿತು. ಎರಡೂ ಊರು ಸೇರಿ ಇನ್ನೂರು ಚಂದಾದಾರರೂ ಇರಲಿಲ್ಲ. ಫೋನ್ ಇದ್ದವರೆಲ್ಲ ದೊಡ್ಡ ಮನುಷ್ಯರು, ‘ಓಯ್ ಓಯ್’ ಎಂದು ಗದರಿ ಕರೆಯುವುದು ಅವರ ರೂಢಿ. ಸಂಪರ್ಕ ಕೊಡುವ ನೌಕರರು ಹಾಗೆನ್ನುವಂತಿಲ್ಲವಲ್ಲ. ಅವರು ‘ಅರಿಕೆ ಮಾಡುತ್ತೇನೆ, ಅರಿಕೆ ಮಾಡುತ್ತೇನೆ’ ಎಂಬ ವಿನಯದ ಮಾತು ಹಿಡಿದರು. ಅದೇ ಕಿರಿದಾಗಿ ‘ಮೊಶಿ ಮೊಶಿ’ ಆಯಿತು. ನರಿಯ ರೂಪದ ಭೂತಕ್ಕೆ ಒಂದೇ ಸಲ ಕರೆಯಲು ಸಾಧ್ಯ, ಅದಕ್ಕೇ ಮನುಷ್ಯರು ಎರಡು ಸಲ ಹೇಳುವುದು ಎಂದು ಅಲ್ಲಿಯ ಹಿರಿಯರ ಕಥೆ. ರಾತ್ರಿ ಒಂದೇ ಕೂಗಿಗೆ ಓಗೊಡಬೇಡ ಎಂದು ನಮಗೂ ಹೇಳಿದ್ದರು. 1925ರ ಮಾರ್ಚ್ 22ರಂದು ಟೋಕಿಯೊದಿಂದ ಬಾನುಲಿ ಹೊರಟಿತು. ಅಷ್ಟರಲ್ಲಿ, 1904ರಿಂದಲೇ, ದೇಶದ ಶಾಲೆಗಳಿಗೆಲ್ಲ ಸರಕಾರದ್ದೇ ಪಠ್ಯಪುಸ್ತಕ. ಪುಸ್ತಕ ಕಲಿಸಿದ ಟೋಕಿಯೊದ ಮಾತನ್ನೇ ಬಾನುಲಿ ಮನೆಮನೆಯಲ್ಲಿ ನುಡಿಯಿತು.

ಬೇರೆ ಬೇರೆ ಊರಿನ ವಂದನೆಗಳು ಅದರಿಂದ ಸತ್ತುಹೋಗಲಿಲ್ಲ. ಒಸಾಕಾದ ವ್ಯಾಪಾರಿಗಳು ಎದುರಾದರೆ ‘ಮೋಕರಿಮಕ್ಕ?’, ‘ಲಾಭ ಆಗ್ತಾ ಇದೆಯೇ?’ ಎಂದು ಕೇಳುವ ಮಾತು ಪ್ರಸಿದ್ಧ. ಉತ್ತರ ‘ಬೊಚಿ ಬೊಚಿ’, ಏನೋ ಸುಮಾರು ಎಂದು. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದ ನನಗೆ ಇದಕ್ಕಿಂತ ಪ್ರಾಮಾಣಿಕವಾದ ವಂದನೆ ಕಾಣಲಿಲ್ಲ. ಕ್ಯೋತೊದವರು ‘ಚಹ ಹಾಕಿದ ಅನ್ನ ಒಂದಿಷ್ಟು ಉಣ್ಣುತ್ತೀರಾ?’ ಎಂದು ಕೇಳಿದರೆ ಹೊರಡುವ ಹೊತ್ತಾಯಿತೆಂದು ಅರ್ಥವಂತೆ. ಚಪ್ಪಲಿ ಮೆಟ್ಟಿದ ಮೇಲೆ ‘ಊಟ ಮಾಡಿಕೊಂಡು ಹೋಗಬಹುದಿತ್ತು’ ಎನ್ನುವವರು ನಮ್ಮಲ್ಲೂ ಇದ್ದಾರೆ.

ಆದರೆ ದಕ್ಷಿಣದ ಒಕಿನಾವಾ ದ್ವೀಪಗಳ ಕಥೆ ಬೇರೆ. ಅದು ರ್‍ಯುಕ್ಯು ಎಂಬ ಪ್ರತ್ಯೇಕ ರಾಜ್ಯವಾಗಿತ್ತು. ಚೀನಾದ ರಾಯಭಾರಿಗಳು ಬಂದಾಗ ಶುರಿ ಅರಮನೆಯ ಹೊರಬಾಗಿಲಿನಲ್ಲಿ ‘ಇದು ಮರ್ಯಾದೆಯನ್ನು ಕಾಪಾಡುವ ನಾಡು’ ಎಂಬ ಫಲಕ ಏರಿಸುತ್ತಿದ್ದರು, ಮುಂದೆ ಅದು ಅಲ್ಲೇ ಉಳಿಯಿತು. 1879ರಲ್ಲಿ ಜಪಾನ್ ಆ ರಾಜ್ಯವನ್ನು ತೆಗೆದು ಒಂದು ಜಿಲ್ಲೆಯಾಗಿ ಸೇರಿಸಿಕೊಂಡಿತು. ಅಲ್ಲಿ ಬಂದವರಿಗೆ ಹೇಳುವ ಮಾತು ‘ಇರಶ್ಶೈಮಸೆ’ ಅಲ್ಲ, ‘ಮೆನ್ಸೋರೆ’. ನಮಸ್ಕಾರವೆನ್ನಲು ಗಂಡಸರು ‘ಹೈಸೈ’ ಎಂದರೆ ಹೆಂಗಸರು ‘ಹೈತೈ’ ಎನ್ನುತ್ತಾರೆ. ಅದೇ ಜಿಲ್ಲೆಯ ಮಿಯಾಕೊ ದ್ವೀಪಕ್ಕೆ ಹೋದರೆ ಸ್ವಾಗತದ ಮಾತು ‘ನ್‌ಮ್ಯಾಚಿ’, ಯಾಯೆಯಾಮಾದಲ್ಲಿ ‘ಓರಿತೋರಿ’. ಇವುಗಳನ್ನು ಬಹುಕಾಲ ಜಪಾನಿಯ ಉಪಭಾಷೆಗಳೆಂದು ಕರೆದರು. ಟೋಕಿಯೊದವನಿಗೆ ಇವು ಅರ್ಥವೇ ಆಗುವುದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಿಂದ ಒಕಿನಾವಾದ ಶಾಲೆಗಳಲ್ಲಿ ‘ಹೋಗೆನ್ ಫುದ’ ಎಂಬುದೊಂದು ಬಂತು. ಮರದ ಒಂದು ಹಲಗೆ. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದನ್ನು ತೂಗುಹಾಕುವುದು. ಇನ್ನೊಂದು ಮಗು ಹಾಗೆ ಮಾತನಾಡುವುದನ್ನು ಹಿಡಿದುಕೊಟ್ಟರೆ ಮಾತ್ರ ಹಲಗೆ ಅತ್ತ ದಾಟುತ್ತದೆ. ಮಕ್ಕಳು ಉಪಾಯ ಹುಡುಕಿದರು. ಪಕ್ಕದವನ ಕಾಲನ್ನು ಮೆಟ್ಟಿದರೆ ಅವನು ನೋವಿನಲ್ಲಿ ‘ಅಗಾ!’ ಎಂದು ತನ್ನ ಭಾಷೆಯಲ್ಲಿ ಚೀರುತ್ತಾನಲ್ಲ, ಹಲಗೆ ಅವನಿಗೆ! 1940ರಲ್ಲಿ ಯಾನಾಗಿ ಸೋಯೆತ್ಸು ಎಂಬ ಕರಕುಶಲ ಕಲೆಯ ವಿದ್ವಾಂಸರು ಆ ಜಿಲ್ಲೆಗೆ ಬಂದು, ಇಲ್ಲಿಯ ಭಾಷೆಯನ್ನು ಹೀಗೆ ಅವಮಾನಿಸುವುದು ತಪ್ಪು ಎಂದರು. ಪತ್ರಿಕೆಗಳಲ್ಲಿ ದೊಡ್ಡ ವಾದವೇ ನಡೆಯಿತು. ಜಿಲ್ಲಾಡಳಿತ ಬಗ್ಗಲಿಲ್ಲ. 1945ರ ಯುದ್ಧದಲ್ಲಿ ಒಕಿನಾವಾದ ಮಾತಿನಲ್ಲಿ ಸಂಭಾಷಿಸುವವರನ್ನು ಗೂಢಚಾರರೆಂದು ಎಣಿಸಲಾಗುವುದು ಎಂದು ಸೈನ್ಯ ಆಜ್ಞೆ ಹೊರಡಿಸಿತು. ಯುದ್ಧ ಮುಗಿದ ಮೇಲೂ ಕೆಲವು ಶಾಲೆಗಳಲ್ಲಿ ಆ ಹಲಗೆ ಇತ್ತು.

ನಮ್ಮ ಗಡಿಯಲ್ಲಿ ನಾನು ಕಂಡಂತೆ ಯಾರ ಕೊರಳಿಗೂ ಹಲಗೆ ಕಟ್ಟಲಿಲ್ಲ. ಅದನ್ನು ಇದಕ್ಕೆ ಸಮಮಾಡಿ ಹೇಳಿದರೆ ಸುಳ್ಳಾಗುತ್ತದೆ. ಆದರೂ ಒಂದು ನೆನಪಿದೆ. ನಾನು ಕೆಲಸ ಮಾಡುತ್ತಿದ್ದ ಒಂದು ಶಾಖೆಯಲ್ಲಿ ಕೌಂಟರಿಗೆ ಬಂದವರನ್ನು ಇಂಥ ಭಾಷೆಯಲ್ಲೇ ಮಾತನಾಡಿಸಬೇಕೆಂದು ಮೇಲಿನವರೊಬ್ಬರು ಹೇಳಿದ್ದರು. ಪಾಸ್‌ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ಒಬ್ಬ ಮುದುಕಿಗೆ ನಾನು ಹಾಗೆಯೇ ಸ್ವಾಗತ ಹೇಳಿದೆ. ಆಕೆ ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು, ಯಾರನ್ನು ಕರೆದರೋ ಎಂದು. ‘ಬನ್ನಿ ಅಕ್ಕ, ಕುಳಿತುಕೊಳ್ಳಿ’ ಎಂದ ಮೇಲೆ ಬಂದು ಕುಳಿತಳು. ಮೇಲಿನವರ ಮಾತನ್ನು ಆ ದಿನದಿಂದ ನಾನು ಮರೆತೆ.

ಒಕಿನಾವಾದಲ್ಲಿ ಈಗ ಗಾಳಿ ತಿರುಗಿದೆ. 2000ದ ಇಸವಿಯಲ್ಲಿ ಜಪಾನ್ 2000 ಯೆನ್ನಿನ ನೋಟು ಹೊರಡಿಸಿದಾಗ ಅದರ ಮೇಲೆ ಶುರಿಯ ಅದೇ ಹೊರಬಾಗಿಲನ್ನು ಅಚ್ಚು ಹಾಕಿಸಿತು. ನೋಟಿನ ಕಸುಬಿನವನಾದ ನನಗೆ ಇನ್ನೂ ಒಂದು ಸ್ವಾರಸ್ಯ: ಬೇರೆ ಕಡೆ ಅಷ್ಟಾಗಿ ಕೈಬದಲಾಗದ ಆ ನೋಟು ಒಕಿನಾವಾದಲ್ಲಿ ಮಾತ್ರ ಚೆನ್ನಾಗಿ ಓಡಾಡುತ್ತದೆ. 2006ರಲ್ಲಿ ಆ ಜಿಲ್ಲೆ ಸೆಪ್ಟೆಂಬರ್ 18ನ್ನು ತಮ್ಮ ದ್ವೀಪದ ಮಾತಿನ ದಿನವೆಂದು ಕಾನೂನು ಮಾಡಿತು. ನಾಹಾದ ವಿಮಾನ ನಿಲ್ದಾಣದಲ್ಲಿ ‘ಮೆನ್ಸೋರೆ’ ಎಂದು ದೊಡ್ಡದಾಗಿ ಬರೆದಿದ್ದಾರೆ. ಹಿಂದೆ ಕೊರಳಿಗೆ ಹಲಗೆ ತಂದ ಮಾತು ಈಗ ಪ್ರವಾಸಿಗರನ್ನು ತರುತ್ತದೆ. ಆದರೆ 2009ರಲ್ಲಿ ಯುನೆಸ್ಕೊ ಆ ದ್ವೀಪಗಳ ಭಾಷೆಗಳನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು. ಬೋರ್ಡಿನಲ್ಲಿ ಸ್ವಾಗತ ಬರೆಯುವುದು ಸುಲಭ. ಆಮೇಲಿನ ಮಾತುಕತೆಯನ್ನು ಅದೇ ಭಾಷೆಯಲ್ಲಿ ಮುಂದುವರಿಸುವ ಹುಡುಗರು ಬೇಕಲ್ಲ.

ಉತ್ತರದ ಹೊಕ್ಕೈದೊ ದ್ವೀಪದ ಮೂಲನಿವಾಸಿಗಳು ಐನು ಜನ. ಅವರದು ಜಪಾನಿಗೆ ಸಂಬಂಧವೇ ಇಲ್ಲದ ಭಾಷೆ. ಭೇಟಿಯಾದಾಗ ‘ಇರಂಕರಪ್ತೆ’ ಎನ್ನುತ್ತಾರೆ, ನಿಮ್ಮ ಹೃದಯವನ್ನು ಮೆಲ್ಲನೆ ಮುಟ್ಟುತ್ತೇನೆ ಎಂದು ಅದನ್ನು ವಿವರಿಸುತ್ತಾರೆ. 1899ರ ಒಂದು ಕಾನೂನು ಅವರನ್ನು ಕೃಷಿಕರನ್ನಾಗಿಸಿ, ಜಪಾನೀಯರನ್ನಾಗಿಸಲು ಹೊರಟಿತು. ಅದು ರದ್ದಾದದ್ದು 1997ರಲ್ಲಿ. ನಿಬುತಾನಿ ಎಂಬ ಹಳ್ಳಿಯ ಕಾಯಾನೊ ಶಿಗೆರು ಎಂಬವರು ಅಜ್ಜಿಯಿಂದ ಕಲಿತ ಐನು ಭಾಷೆಯನ್ನು ಬಿಡದೆ, ಊರಿನ ಮಕ್ಕಳಿಗೆ ಕಲಿಸಿದರು. 1994ರಲ್ಲಿ ಅವರು ಜಪಾನಿನ ಸಂಸತ್ತಿನ ಮೇಲ್ಮನೆಯ ಸದಸ್ಯರಾದರು, ಐನು ಜನರಲ್ಲಿ ಮೊದಲಿಗರು. ಅದೇ ವರ್ಷ ಅಲ್ಲಿ ತಮ್ಮ ಭಾಷೆಯಲ್ಲೇ ಮಾತನಾಡಿದರು. 2006ರಲ್ಲಿ ತೀರಿಕೊಂಡರು. ಐನು ಜನರನ್ನು ಮೂಲನಿವಾಸಿಗಳೆಂದು ಹೇಳುವ ಕಾನೂನು 2019ರಲ್ಲಿ ಬಂತು. 2020ರಲ್ಲಿ ಶಿರಾವೊಯಿಯಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಫಲಕಗಳ ಮೊದಲ ಭಾಷೆ ಐನು, ಜಪಾನಿ ಆಮೇಲೆ.

ನಿಬುತಾನಿಯ ಇನ್ನೊಂದು ಸಂಗತಿ ನಿಮಗೆ ಹೇಳಲೇಬೇಕು. ಕಾಯಾನೊ ಅವರ ಮನೆಯವರು 2001ರಲ್ಲಿ ‘ಎಫ್.ಎಂ. ಪಿಪೌಶಿ’ ಎಂಬ ಪುಟ್ಟ ಬಾನುಲಿ ಕೇಂದ್ರ ಶುರುಮಾಡಿದರು. ತೀರಾ ಕಡಿಮೆ ಶಕ್ತಿಯದು, ಸುತ್ತಲಿನ ಕೆಲವು ಮನೆಗಳಿಗೆ ಕೇಳಿಸಿದರೆ ಹೆಚ್ಚು. ಐನು ಭಾಷೆಯಲ್ಲಿ ಕಥೆ, ಪಾಠ, ಹಾಡು. ಆ ಭಾಷೆಯಲ್ಲಿ ಬೀಳ್ಕೊಡುವಾಗ ‘ಸುಯ್ ಉನುಕರನ್ ರೊ’ ಎನ್ನುತ್ತಾರೆ, ಮತ್ತೆ ಒಬ್ಬರನ್ನೊಬ್ಬರು ನೋಡೋಣ ಎಂದು.

ನನ್ನ ಹೊತ್ತೂ ಮುಗಿಯಿತು. ಹೋಗಿ ಬರುತ್ತೇನೆ.